ಡಬ್ಬಿ ಬಂದರೆ ಅವನು ಬರುವುದಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಕ್ಯಾಮೆರಾದಿಂದಲೋ, ಪೇಢೆಯಿಂದಲೋ, ಬಸ್ಸಿನಿಂದಲೋ? ಮೂರು ರೀತಿಯಲ್ಲೂ ಶುರು ಮಾಡಿ ಹರಿದು ಹಾಕಿದ್ದೇನೆ. (ಸುಳ್ಳು. ಲ್ಯಾಪ್‌ಟಾಪಿನಲ್ಲಿ ಹರಿಯುವುದೆಲ್ಲಿ ಬಂತು? ಡಿಲೀಟ್ ಮಾಡಿದ್ದೇನೆ. ಹರಿದು ಹಾಕಿದೆ ಎಂದರೆ ಲೇಖಕನಿಗೆ ಸ್ವಲ್ಪ ಕಳೆ ಬರುತ್ತದೆ.)

ಮೊದಲ ಡ್ರಾಫ್ಟು ಹೀಗಿತ್ತು: 'ಡಿಜಿಟಲ್ ಕ್ಯಾಮೆರಾ ಕಂಪನಿಗಳ ಪೈಪೋಟಿ ಬೀದರ ಜಿಲ್ಲೆಯನ್ನೂ ಬಿಟ್ಟಿಲ್ಲ.' ಓದಿದರೆ ನನಗೇ ಆಕಳಿಕೆ ಬಂತು. ನಿಮ್ಮ ಗತಿ ಏನಾಗಬೇಕು?

೨

ಕಂಪನಿಗಳ ಹೆಸರು ಬರೆಯುವುದಿಲ್ಲ. ಅವರು ನನಗೇನೂ ಕೊಟ್ಟಿಲ್ಲ. ಕ್ಯಾಮೆರಾ ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯ ಬಣ್ಣದಿಂದಲೇ ಕರೆಯೋಣ: ಒಂದು ಕೆಂಪು ಕಂಪನಿ, ಇನ್ನೊಂದು ಕಿತ್ತಳೆ ಕಂಪನಿ.

ಭಾಲ್ಕಿಯಲ್ಲಿ ಹಾವಗೆಪ್ಪ, ಔರಾದದಲ್ಲಿ ಕಾಶೀರಾಮ. ಇಬ್ಬರೂ ಲಗ್ನದ ಫೋಟೋ ತೆಗೆಯುವವರು, ಐವತ್ತರ ಆಸುಪಾಸಿನವರು, ಹಳೆಯ ದೋಸ್ತರು. ರೀಲು ಹೋಗಿ ಡಿಜಿಟಲ್ ಬಂದಾಗ ಇಬ್ಬರೂ ಕೆಂಪು ಕ್ಯಾಮೆರಾ ಕೊಂಡರು. ಲೆನ್ಸುಗಳನ್ನು ಮಾತ್ರ ಪಾಲು ಮಾಡಿಕೊಂಡರು. ದೂರದ ಮುಖವನ್ನು ಹತ್ತಿರ ತರುವ ಉದ್ದ ಲೆನ್ಸು ಹಾವಗೆಪ್ಪ ಕೊಂಡ, ಇಡೀ ಬೀಗರ ಬಳಗವನ್ನು ಒಂದೇ ಫೋಟೋದಲ್ಲಿ ಹಿಡಿಸುವ ಅಗಲ ಲೆನ್ಸು ಕಾಶೀರಾಮ ಕೊಂಡ. ಒಂದೇ ಕಂಪನಿಯದಾದ್ದರಿಂದ ಯಾರ ಲೆನ್ಸು ಯಾರ ಕ್ಯಾಮೆರಾಕ್ಕೂ ಕೂಡುತ್ತಿತ್ತು.

ಬೇಕಾದಾಗ ಲೆನ್ಸು ಸ್ಟೀಲ್ ಡಬ್ಬಿಯೊಳಗೆ, ಟವೆಲ್ ಸುತ್ತಿಕೊಂಡು, ಕಂಡಕ್ಟರನ ಕಾಲ ಬಳಿ ಕೂತು ಪ್ರಯಾಣ ಮಾಡುತ್ತಿತ್ತು. ಬೀದರ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಕುಲಸುಮಬೀ ಅದನ್ನು ಔರಾದದ ಬಸ್ಸಿನಿಂದ ಇಳಿಸಿ ಭಾಲ್ಕಿಯ ಬಸ್ಸಿಗೆ ಹತ್ತಿಸುತ್ತಿದ್ದಳು. ಖಾಲಿ ಡಬ್ಬಿ ಬಂದರೆ 'ನನಗೆ ಬೇಕಾಗಿದೆ' ಎಂದರ್ಥ. ಲೆನ್ಸು ತುಂಬಿದ ಡಬ್ಬಿ ಬಂದರೆ 'ತಗೋ, ನೀನೇ ತೆಗಿ' ಎಂದರ್ಥ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ. (ಕೊನೆ ಎಂಬುದು ಇದ್ದರೆ.)

೩

ಹೋದ ತಿಂಗಳು ಭಾಲ್ಕಿಯ ಒಂದು ಲಗ್ನಕ್ಕೆ ಅಗಲ ಲೆನ್ಸು ಬೇಕೆಂದು ಹಾವಗೆಪ್ಪ ಖಾಲಿ ಡಬ್ಬಿ ಕಳಿಸಿದ. ಲಗ್ನದ ದಿನ ಡಬ್ಬಿ ಭಾರವಾಗಿಯೇ ವಾಪಸು ಬಂತು. ಬೀಗರೆಲ್ಲ ಸ್ಟೇಜಿನ ಮೇಲೆ ಸಾಲಾಗಿ ನಿಂತ ಮೇಲೆ ತೆರೆದು ನೋಡಿದ.

ಒಳಗೆ ಪೇಢೆ. ಮೇಲೊಂದು ಲಗ್ನದ ಕಾರ್ಡು, ಕಾಶೀರಾಮನ ಮಗಳು ಉಜ್ವಲಾಳದು.

ಉದ್ದ ಲೆನ್ಸಿನಲ್ಲಿ ಅಷ್ಟು ಜನ ಹಿಡಿಸಬೇಕಾದರೆ ಹಿಂದೆ ಸರಿಯಬೇಕು. ಹಾವಗೆಪ್ಪ ಸರಿದ. ಕುರ್ಚಿಗಳನ್ನು ದಾಟಿದ, ಬಾಗಿಲು ದಾಟಿದ, ಕೊನೆಗೆ ಅಡುಗೆಯವರ ಕುದಿಯುವ ಸಾರಿನ ಪಾತ್ರೆಗೆ ಬೆನ್ನು ತಾಗಿಸಿ 'ಅಯ್ಯಯ್ಯೋ' ಎಂದ. ಬೀಗರು ನಕ್ಕರು. ಫೋಟೋದಲ್ಲಿ ಎಲ್ಲರ ಬಾಯಿಯೂ ತೆರೆದಿದೆ.

ಆಗಿದ್ದಿಷ್ಟು: ಕಾಶೀರಾಮ ಕಿತ್ತಳೆ ಕ್ಯಾಮೆರಾ ಕೊಂಡಿದ್ದ. ಈಗಿನ ವರನ ಕಡೆಯವರು ಆಲ್ಬಮ್ ನೋಡುವುದಿಲ್ಲ, ಪಟ್ಟಿಯ ಬಣ್ಣ ನೋಡುತ್ತಾರೆ. ಯೂಟ್ಯೂಬಿನಲ್ಲಿ ಯಾರೋ ಹೇಳಿರುತ್ತಾರೆ. ಹೊಸದಕ್ಕಾಗಿ ಅವನು ಕೆಂಪು ಕ್ಯಾಮೆರಾವನ್ನೂ ಅಗಲ ಲೆನ್ಸನ್ನೂ ಮಾರಿಬಿಟ್ಟಿದ್ದ. ಹಾವಗೆಪ್ಪನಿಗೆ ಹೇಳಿರಲಿಲ್ಲ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಉಜ್ವಲಾಳ ಲಗ್ನ ಈ ಐತವಾರ. ಅವಳು ಫ್ರಾಕು ಹಾಕುತ್ತಿದ್ದ ಕಾಲದಲ್ಲೇ 'ನಿನ್ನ ಲಗ್ನದ ಫೋಟೋ ನಂದೇ' ಎಂದು ಮಾತು ಕೊಟ್ಟವನು ಹಾವಗೆಪ್ಪ. ಅವನು ಬರುತ್ತಾನೋ ಇಲ್ಲವೋ? ಕಥೆ ಇಷ್ಟೇ. ಉಳಿದದ್ದೆಲ್ಲ ನನ್ನ ಗೊಂದಲ.

೪

ನಿನಗೆ ಇದೆಲ್ಲ ಹೇಗೆ ಗೊತ್ತು ಎನ್ನುತ್ತೀರಿ. ಪುಸ್ತಕದ ಹಿಂಬದಿಗೆ ಗಂಭೀರವಾದ ಫೋಟೋ ಬೇಕೆಂದು ಭಾಲ್ಕಿಗೆ ಹೋಗಿದ್ದೆ. ನನ್ನ ಗದ್ದವನ್ನು ಎತ್ತಿ ಹಿಡಿದುಕೊಂಡೇ ಹಾವಗೆಪ್ಪ ಎಲ್ಲ ಹೇಳಿದ.

"ಕೆಂಪು ಕಂಪನಿ ಮ್ಯಾಲ ನನಗೇನ್ ಪ್ರೀತಿ ಇಲ್ರಿ ಸರ. ಕಾಶೀರಾಮ ಕೆಂಪು ತಗೊಂಡ ಅಂತ ನಾನೂ ತಗೊಂಡೆ. ಆ ಲೆನ್ಸ್ ಅವನ್ದು ಒಬ್ಬನ್ದೇ ಇತ್ತೇನ್ರಿ?"

ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಫೋಟೋ ಹಾಳಾಯಿತು.

ಕಾಶೀರಾಮನಿಗೆ ಫೋನ್ ಮಾಡಿದೆ. "ನಾನೆಲ್ಲಿ ಮೊದಲ ತಗೊಂಡೇನ್ರಿ ಸಾಹೇಬ್ರ? ಹಾವಗೆಪ್ಪ ಕೆಂಪು ತಗೊಂಡ ಅಂತ ನಾ ತಗೊಂಡೆ!"

ಹಾಗಾದರೆ ಮೊದಲು ಕೊಂಡವರು ಯಾರು? ಅರ್ಧ ದಿನ ತಲೆ ಕೆಡಿಸಿಕೊಂಡೆ. ಯಾರೂ ಮೊದಲು ಕೊಳ್ಳದೆ ಇಬ್ಬರೂ ಎರಡನೆಯವರಾಗಿ ಕೊಂಡ ಕ್ಯಾಮೆರಾ ಅದು. ಭಾಲ್ಕಿ ಎಲ್ಲಿದೆ ಎಂದೂ ಗೊತ್ತಿಲ್ಲದ ಕಂಪನಿಯವರು ಇದನ್ನೇ ಬ್ರ್ಯಾಂಡ್ ಲಾಯಲ್ಟಿ ಎಂದುಕೊಂಡು ಖುಷಿಪಟ್ಟಿರಬೇಕು.

"ಪೇಢಾ ಯಾಕ ಕಳಸಿದ್ರಿ?" ಎಂದೆ.

"ಹೇಳ್ಲಾರದ ಮಾರಿದ್ದು ತಪ್ಪೇ ಅದ್ರಿ. ಹೇಳ್ಲಾಕ ಬಾಯಿ ಬರ್ಲಿಲ್ಲ. ಅಷ್ಟರಾಗ ಡಬ್ಬಿ ಬಂತು. ದೋಸ್ತನ ಮನಿ ಡಬ್ಬಿ ಖಾಲಿ ಹ್ಯಾಂಗ ವಾಪಸ್ ಕಳಸ್ಲಿ?"

 ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಹೇಳಿ.

೫ (ರದ್ದಾದ ಮುಕ್ತಾಯ)

ಹಾವಗೆಪ್ಪ ದೋಸ್ತಿಗಾಗಿ ಕೆಂಪು ಮಾರಿ ಕಿತ್ತಳೆ ಕೊಳ್ಳುತ್ತಾನೆ. ಅದೇ ದಿನ ಕಾಶೀರಾಮ ಕಿತ್ತಳೆ ಮಾರಿ ಮತ್ತೆ ಕೆಂಪು ಕೊಳ್ಳುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ ಇಬ್ಬರೂ ಅಳುತ್ತಾರೆ. ಬರೆದು ನಾನೇ ಬೆನ್ನು ತಟ್ಟಿಕೊಂಡು ಹಾವಗೆಪ್ಪನಿಗೆ ವಾಟ್ಸಾಪ್ ಮಾಡಿದೆ.

"ನಾವೇನ್ ಹುಚ್ಚರಾ ಸರ? ಇಷ್ಟು ದೊಡ್ಡ ಖರೀದಿ ಮಾಡೋ ಮುಂದ ಒಂದು ಫೋನ್ ಮಾಡಂಗಿಲ್ಲೇನ್ರಿ?"

"ಹಂಗಾದ್ರ ಈಗ ಮಾಡ್ರಿ, ಕಾಶೀರಾಮಗ."

ನೀಲಿ ಟಿಕ್ ಬಂತು. ಅಷ್ಟೇ.

೬ (ಇದೂ ರದ್ದು)

ಎರಡನೆಯ ಮುಕ್ತಾಯ ತಾತ್ವಿಕವಾಗಿತ್ತು. ಕೆಂಪಿನ ಲೆನ್ಸು ಕಿತ್ತಳೆಗೆ ಕೂಡುವುದಿಲ್ಲ, ಮನುಷ್ಯರೂ ಹಾಗೆಯೇ, ಇತ್ಯಾದಿ. ಪಕ್ಕಾ ಮಾಡಿಕೊಳ್ಳಲು ಬೀದರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಚಾಂದ ಪಾಶಾನ ಅಂಗಡಿಗೆ ಹೋದೆ. ಅವನು ಡ್ರಾವರಿನಿಂದ ಬಳೆಯಂಥದ್ದೊಂದು ತೆಗೆದು, ಕಿತ್ತಳೆ ಕ್ಯಾಮೆರಾಕ್ಕೆ ಸಿಕ್ಕಿಸಿ, ಅದರ ಮೇಲೆ ಕೆಂಪಿನ ಲೆನ್ಸು ತಿರುವಿದ. ಟಕ್ ಎಂದಿತು.

"ಅಡಾಪ್ಟರ್ ಅದ್ರಿ. ಕೂಡ್ತದ. ಫೋಕಸ್ ಜರಾ ಹುಡುಕಾಡ್ತದ, ಅಷ್ಟೇ."

ನನ್ನ ತತ್ವಜ್ಞಾನ ಅಲ್ಲೇ ಮುಗಿಯಿತು. ಆದರೆ ಗೊಂದಲ ಹೆಚ್ಚಾಯಿತು. ಲೆನ್ಸು ಕೂಡುತ್ತದೆ ಎಂದಾದರೆ ಇವರ ಜಗಳ ಲೆನ್ಸಿನದಲ್ಲ. ಮತ್ತೆ ನಾನು ಇಷ್ಟು ಹೊತ್ತು ಬರೆದದ್ದೇನು?

ಅಡಾಪ್ಟರ್ ಒಂದನ್ನು ಕೊಂಡುಕೊಂಡೆ. ಉಜ್ವಲಾ ಅದನ್ನು ಡಬ್ಬಿಯಲ್ಲಿಟ್ಟು ಭಾಲ್ಕಿಗೆ ಕಳಿಸುತ್ತಾಳೆ, ಹಾವಗೆಪ್ಪ ಕರಗುತ್ತಾನೆ. ಇದು ಮೂರನೆಯ ಮುಕ್ತಾಯ.

೭

ಫೋನ್ ಮಾಡಿ ಹೇಳಿದರೆ ಉಜ್ವಲಾ ಒಪ್ಪಲಿಲ್ಲ.

"ಅದು ಕಳಸಿದ್ರ 'ಬಾ, ನಮ್ಮ ಕಿತ್ತಳೆಕ್ಕ ಹೊಂದ್ಕೋ' ಅಂದಂಗ ಆಗ್ತದ್ರಿ ಸರ. ಹಾವಗೆಪ್ಪ ಕಾಕಾನ ಬೆನ್ನು ಮೊದಲೇ ಸುಟ್ಟದ. ನಾ ಖಾಲಿ ಡಬ್ಬಿ ಕಳಸ್ತೇನಿ."

"ಖಾಲಿನಾ?"

"ನನಗ ಬೇಕಾಗ್ಯದ ಅಂತ ಅರ್ಥ. ಅವ್ರಿಗೆ ತಿಳೀತದ."

ಇನ್ನೊಂದು ಮಾತನ್ನೂ ಹೇಳಿದಳು. ಅವರ ಮನೆಯ ಲಗ್ನದಲ್ಲಿ ಬುದ್ಧವಂದನೆಗೆ ಮದುಮಗಳು ಬಿಳಿ ಸೀರೆ ಉಟ್ಟು ಕೂಡುತ್ತಾಳೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಳಿಯನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಅಪ್ಪ ಅಂದು ಕ್ಯಾಮೆರಾ ಹಿಡಿಯುವಂತಿಲ್ಲ, ಮಗಳ ಪಕ್ಕ ಕೂಡಬೇಕು. "ಬಿಳಿ ಬಿಳೀನೇ ಬರೋದು ಕಾಕಾ ತೆಗದ್ರ ಮಾತ್ರ. ಅವ್ರು ಬರಂಗಿಲ್ಲಂದ್ರ ನೀಲಿ ಸೀರಿ ಉಡ್ತೇನಿ. ಎರಡೂ ಇಸ್ತ್ರಿ ಮಾಡಿ ಇಟ್ಟೇನಿ."

ಅಡಾಪ್ಟರ್ ನನ್ನ ಜೇಬಿನಲ್ಲೇ ಉಳಿಯಿತು. ನನ್ನ ಪಾತ್ರಗಳು ನನ್ನ ಮಾತು ಕೇಳಿದ ಉದಾಹರಣೆ ಇಲ್ಲ.

೮

ಐತವಾರ ಬೆಳಿಗ್ಗೆ ಬೀದರ ಬಸ್‌ಸ್ಟ್ಯಾಂಡು. ಕುಲಸುಮಬೀಯ ಚಹಾ ಕುಡಿಯುತ್ತ ಭಾಲ್ಕಿಯಿಂದ ಬರುವ ಬಸ್ಸು ಕಾಯುತ್ತಿದ್ದೇನೆ. ಕಥೆಗಾರನಿಗೆ ಇಲ್ಲೇನು ಕೆಲಸ ಎಂದು ಕೇಳಬೇಡಿ. ನನಗೆ ಮನೆಯಲ್ಲಿ ಕೂಡಲಾಗಲಿಲ್ಲ.

ಉಜ್ವಲಾಳ ಖಾಲಿ ಡಬ್ಬಿ ಮೊನ್ನೆಯೇ ಭಾಲ್ಕಿಗೆ ಹೋಗಿದೆ. ಲೆಕ್ಕ ಹೀಗಿದೆ. ಡಬ್ಬಿ ಬಂದರೆ ಅದರಲ್ಲಿ ಲೆನ್ಸು ಇರುತ್ತದೆ, ದೋಸ್ತನ ಮನೆಯ ಡಬ್ಬಿಯನ್ನು ಹಾವಗೆಪ್ಪನೂ ಖಾಲಿ ಕಳಿಸುವವನಲ್ಲ. ಲೆನ್ಸು ಬಂದರೆ 'ನೀವೇ ತೆಗೀರಿ' ಎಂದರ್ಥ, ಅವನು ಬರುವುದಿಲ್ಲ. ಡಬ್ಬಿ ಬರದಿದ್ದರೆ? ಅದನ್ನು ಹಿಡಿದುಕೊಂಡು ಅವನೇ ಬೈಕಿನಲ್ಲಿ ಒಳರಸ್ತೆಯಿಂದ ಔರಾದಕ್ಕೆ ಹೊರಟಿರಬಹುದು. ಅಥವಾ ಡಬ್ಬಿಯನ್ನು ಮೂಲೆಗೆಸೆದು ಮುಸುಕು ಹಾಕಿ ಮಲಗಿರಬಹುದು. ಜೀವನದಲ್ಲಿ ಮೊದಲ ಸಲ ಒಂದು ಡಬ್ಬಿ ಬಾರದಿರಲಿ ಎಂದು ಬೇಡಿಕೊಂಡೆ.

ಬಸ್ಸು ಬಂತು. ಕುಲಸುಮಬೀ ಓಡಿದಳು. ಕಂಡಕ್ಟರನ ಕಾಲ ಬಳಿ ಬಗ್ಗಿ ನೋಡಿದಳು, ಸೀಟಿನ ಕೆಳಗೆ ನೋಡಿದಳು, ಬರಿಗೈಯಲ್ಲಿ ವಾಪಸು ಬಂದಳು.

"ಡಬ್ಬಿ ಇಲ್ಲ, ಸಾಬ್."

ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಹಾವಗೆಪ್ಪನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. (ಗಾಡಿ ಮೇಲಿದ್ದರೆ ಆಫ್ ಮಾಡುತ್ತಾನಾ? ಮಲಗಿದ್ದರೆ ಮಾಡುತ್ತಾನಾ? ನನಗೇನು ಗೊತ್ತು, ನಾನು ಬರೀ ಲೇಖಕ.)

ಅಷ್ಟರಲ್ಲಿ ಉಜ್ವಲಾಳ ಫೋನು. ಹಿಂದೆ ಮಂಟಪದ ಗದ್ದಲ, ಅವಳ ತಾಯಿ ಶಾಲುಬಾಯಿ ಯಾರನ್ನೋ ಬೈಯುತ್ತಿರುವ ಸದ್ದು.

"ಡಬ್ಬಿ ಬಂತೇನ್ರಿ ಸರ?"

"ಇಲ್ಲವ್ವ. ಬರ್ಲಿಲ್ಲ. ಆದ್ರ ಅದರ ಅರ್ಥ ಏನಂತ ನನಗ..."

ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ. ಫೋನಿನಾಚೆ ತಾಯಿಯನ್ನು ಕೂಗಿದ್ದು ಕೇಳಿಸಿತು. "ಅವ್ವಾ, ನೀಲಿ ಸೀರಿ ಒಳಗ ಇಡು. ಬಿಳೀದು ಕೊಡು."

ಮುಂದೇನಾಯಿತು, ಅವನು ಬಂದನೇ ಎಂದು ನೀವು ಕೇಳುತ್ತೀರಿ. ನಾನು ಹೇಳುವುದಿಲ್ಲ. ಅವಳು ಸೀರೆ ಉಡುವಷ್ಟು ಹೊತ್ತಾದರೂ ಸುಮ್ಮನಿರೋಣ.