ಇಂಟರ್ವ್ಯೂ ಕಟಿಂಗ್

ಕತ್ತರಿ ಮಾಮನ ಬಾಯಿಗೆ ಬೀಗವಿಲ್ಲ ಎಂದು ಅವನ ಹೆಂಡತಿ ಮದುವೆಯಾದ ಮೊದಲ ವಾರದಿಂದಲೂ ಗೊಣಗುತ್ತಿದ್ದಳು. ಕುರ್ಚಿಯಲ್ಲಿ ಕೂತವರ ಮನೆ, ಸಂಬಳ, ಸಂಬಂಧ ಎಲ್ಲವನ್ನೂ ಕೆದಕದೆ ಅವನಿಗೆ ಕತ್ತರಿಯೇ ಓಡುತ್ತಿರಲಿಲ್ಲ. ಇಪ್ಪತ್ತು ವರ್ಷ ಬೈಗುಳ ತಿಂದ ಆ ಚಪಲ ಕೊನೆಗೂ ಉಪಯೋಗಕ್ಕೆ ಬಂದಿತ್ತು.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಓದಲು ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಗೋಪುರದ ಕಾಲೇಜು: ದೊಡ್ಡ ಹೆಸರು, ಹೆಸರಿಗಿಂತ ದೊಡ್ಡ ಫೀಸು. ಇನ್ನೊಂದು ಬಸ್ ಸ್ಟ್ಯಾಂಡ್ ಹಿಂದಿನದು: ಗೋಡೆ ಬಣ್ಣ ಕಂಡು ಎಷ್ಟು ಕಾಲವಾಗಿತ್ತೋ, ಫೀಸು ಮಾತ್ರ ಗೋಪುರದ್ದರ ಐದನೇ ಒಂದು ಪಾಲು. ಗೋಪುರಕ್ಕೆ ಹೋಗಬೇಕೆಂದರೆ ಅಂಗಡಿಯನ್ನು ಅಡವಿಟ್ಟು ಸಾಲ ತೆಗೆಯಬೇಕು. ಶನಿವಾರ ಮಧ್ಯಾಹ್ನದೊಳಗೆ ಸಹಿ ಬೀಳಬೇಕು.

ಅಂಗಡಿಯ ಎದುರಿಗೇ ಎಂಟು ಮಹಡಿಯ ಕಟ್ಟಡ, ಅದರ ತುಂಬ ಕಂಪ್ಯೂಟರ್ ಕಂಪನಿಗಳು. ಅಲ್ಲಿಯ ತಲೆಗಳು ತಿಂಗಳಿಗೊಮ್ಮೆ ಮಾಮನ ಕೈಗೆ ಬರಲೇಬೇಕು.

"ನೀನು ಹೇಗಿದ್ರೂ ಕೇಳ್ತೀಯ. ಮೂರೇ ಪ್ರಶ್ನೆ ಕೇಳಪ್ಪ, ನಾನು ಬರ್ಕೋತೀನಿ," ಎಂದಳು ಮಗಳು. ಯಾವ ಕಾಲೇಜು, ಎಷ್ಟು ಸಾಲ, ಈಗೆಷ್ಟು ಸಂಬಳ.

ಹದಿನೈದು ದಿನ ಅಪ್ಪ ಕೇಳಿದ, ಮಗಳು ಮೂಲೆಯ ಸ್ಟೂಲಿನಲ್ಲಿ ಕೂತು ಬರೆದಳು. ಗಂಟಲಿನ ಹತ್ತಿರ ರೇಜರ್ ಇರುವಾಗ ಸುಳ್ಳು ಹೇಳುವ ಧೈರ್ಯ ಯಾರಿಗಿದೆ? ಶುಕ್ರವಾರದ ಹೊತ್ತಿಗೆ ಗೋಪುರದವರು ಇಪ್ಪತ್ತೆರಡು, ಬಸ್ ಸ್ಟ್ಯಾಂಡಿನವರು ಹದಿನೇಳು ಜನ ಸಿಕ್ಕಿದ್ದರು. ಗೋಪುರದವರ ಸಂಬಳ ಒಂದೂವರೆ ಪಟ್ಟು. ಹನ್ನೆರಡು ವರ್ಷದ ಸಾಲದ ಕಂತು ಆ ಹೆಚ್ಚಿನ ಪಾಲನ್ನು ನುಂಗುತ್ತಿತ್ತು, ನಿಜ.

"ಹನ್ನೆರಡು ವರ್ಷ ಕಣ್ಣು ಮುಚ್ಚಿ ಬಿಡೋದ್ರೊಳಗೆ ಕಳೀತದೆ. ಆಮೇಲೆ ಎಲ್ಲಾ ನಿಂದೇ," ಎಂದ ಮಾಮ. ಅವನ ಖುಷಿಗೆ ಮೇರೆಯಿರಲಿಲ್ಲ. ಮಗಳು ಗೋಪುರಕ್ಕೆ ಹೋಗುತ್ತಾಳೆಂದು ಅವನು ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದ. ಡ್ರಾಯರಿನಿಂದ ಅಂಗಡಿಯ ಪತ್ರ ತೆಗೆದು ಧೂಳು ಕೊಡವಿದ.

ಮಗಳೂ ಹಿಗ್ಗಿದ್ದಳು. ಆದರೆ ಪುಟ ತಿರುವುತ್ತ ತಿರುವುತ್ತ ಅವಳ ಪೆನ್ನು ನಿಂತಿತು.

"ಅಪ್ಪ, ಇಲ್ಲಿರೋರೆಲ್ಲ ಎದುರು ಕಟ್ಟಡದೋರು. ಕೆಲಸ ಇರೋರು. ಕೆಲಸ ಸಿಗದೋರು ಎಲ್ಲಿ ಹೋದ್ರು?"

"ಅವರೂ ಬರ್ತಾರಲ್ಲ. ಸಂಬಳವೇ ಇಲ್ಲದೋರನ್ನ ಏನಂತ ಕೇಳೋದು ಅಂತ ಬಿಟ್ಟೆ."

ಹೇಳುತ್ತಲೇ ಅವನ ನೋಟ ಕನ್ನಡಿಯ ಪಕ್ಕದ ತಂತಿಗೆ ಹೋಯಿತು, ಮಗಳದೂ ಅಲ್ಲಿಗೇ ಹೋಯಿತು. ಇಂಟರ್ವ್ಯೂಗೆ ಹೊರಟವರ ಹತ್ತಿರ ಮಾಮ ಕಟಿಂಗಿಗೆ ದುಡ್ಡು ಕೇಳುತ್ತಿರಲಿಲ್ಲ. ಹೆಸರು, ಫೋನ್ ನಂಬರು ಬರೆದ ಚೀಟಿಯನ್ನು ಆ ತಂತಿಗೆ ಚುಚ್ಚುತ್ತಿದ್ದ. ಕೆಲಸ ಸಿಕ್ಕ ಮೇಲೆ ಬಂದು ಕೊಟ್ಟು ಚೀಟಿ ಕಿತ್ತುಕೊಳ್ಳಬೇಕು. ದಿವಾಳಿಯಾಗುವ ದಾರಿ ಇದು ಎಂದು ಹೆಂಡತಿ ಹಂಗಿಸುತ್ತಿದ್ದಳು. ಈಗ ಊಟದ ಡಬ್ಬಿ ತಂದು ಅಲ್ಲೇ ನಿಂತಿದ್ದವಳು, ತಂತಿಯನ್ನು ಮೊದಲು ಇಳಿಸಿದವಳು ಅವಳೇ.

ಮೂವರೂ ಒಂದೊಂದು ಫೋನು ಹಿಡಿದು ಕೂತರು. ಎದೆ ಡವಡವ ಎನ್ನುವಷ್ಟು ಉಮೇದು. ಎರಡು ಕಾಲೇಜುಗಳಲ್ಲಿ ಕಂಪ್ಯೂಟರ್ ಓದಿದವರ ಚೀಟಿ ಮೂವತ್ತೊಂದು ಸಿಕ್ಕಿದವು. ಕೆಲಸ ಸಿಕ್ಕಿ ಆರು ತಿಂಗಳಾದರೂ ತಲೆಮರೆಸಿಕೊಂಡಿದ್ದ ಇಬ್ಬರು ಹೆಂಡತಿಯ ಕೈಗೆ ಸಿಕ್ಕಿಬಿದ್ದರು. ಉಳಿದವರು ಇನ್ನೂ ಅಲೆಯುತ್ತಿದ್ದರು: ಗೋಪುರದವರು ಹದಿನೇಳು, ಬಸ್ ಸ್ಟ್ಯಾಂಡಿನವರು ಹನ್ನೆರಡು.

ಮಗಳು ಎಲ್ಲವನ್ನೂ ಕೂಡಿಸಿದಳು, ನಂಬದೆ ಮತ್ತೆ ಕೂಡಿಸಿದಳು. "ಎರಡೂ ಕಡೆ ಒಂದೇ ಕಥೆ ಅಪ್ಪ. ಹತ್ತು ಜನ ಓದಿದ್ರೆ ನಾಲ್ಕು ಜನ ತಂತಿ ಮೇಲೆ."

ಮಾಮ ಕೊನೆಯ ಚೀಟಿಯವನ ಜೊತೆ ಫೋನಿನಲ್ಲಿದ್ದ. ಗೋಪುರದ ಹುಡುಗ, ಐದು ಸಲ ಇಂಟರ್ವ್ಯೂ ಕಟಿಂಗ್ ಮಾಡಿಸಿಕೊಂಡವನು.

"ಕೆಲಸ ಸಿಗಲಿಲ್ಲ ಅಂತ ಕಂತು ಕಾಯುತ್ತಾ ಮಾಮ? ಅಪ್ಪನ ಗ್ಯಾರೇಜು ಬ್ಯಾಂಕಿಗೆ ಹೋಯ್ತು. ಈಗ ಅದೇ ಗ್ಯಾರೇಜಲ್ಲಿ ಕೂಲಿಗೆ ಇದಾರೆ."

ಫೋನಿಟ್ಟು ಮಾಮ ತನ್ನ ಅಂಗಡಿಯನ್ನು ಹೊಸದಾಗಿ ನೋಡಿದ. ಎರಡು ಕುರ್ಚಿ, ಅಂಚು ಒಡೆದ ಕನ್ನಡಿ, ನೆಲದ ಮೇಲೆ ಬೆಳಗಿನ ಕೂದಲು. ಗೋಪುರದ ಆಸೆ ಅವನನ್ನಿನ್ನೂ ಬಿಟ್ಟಿರಲಿಲ್ಲ.

"ನಿನಗೆ ಅಲ್ಲಿಗೇ ಹೋಗ್ಬೇಕು ಅಂತಿದ್ರೆ ನಾಳೆ ಸಹಿ ಹಾಕ್ತೀನಿ ಮಗಳೇ. ಒಂದು ಮಾತೂ ಆಡಲ್ಲ," ಎಂದ.

ಮಗಳು ಎದ್ದು ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ತಂತಿಯ ಮೇಲಿನ ಮೂವತ್ತೊಂದು ಜನ ತನಗೆ ಹೇಳಿದ್ದನ್ನು ಯಾವ ಕಾಲೇಜಿನ ಪುಸ್ತಕವೂ ಹೇಳಿರಲಿಲ್ಲ, ಅದನ್ನು ಕಂಡುಹಿಡಿದವಳು ತಾನು ಎಂಬ ಖುಷಿ ಅವಳ ಮುಖದಲ್ಲಿ ಹಿಡಿಸುತ್ತಿರಲಿಲ್ಲ. ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ತಾನೇ ತಂತಿಗೆ ಚುಚ್ಚಿದಳು.

"ತುದಿ ಮಾತ್ರ ಕತ್ತರಿಸಪ್ಪ. ದುಡ್ಡು ಕೆಲಸ ಸಿಕ್ಕ ಮೇಲೆ."

ಮಾಮ ಬಟ್ಟೆ ಹೊದಿಸಿದ. ಕತ್ತರಿ ಎತ್ತಿದ್ದೇ ತಡ, ಅಭ್ಯಾಸ ಬಿಡಬೇಕಲ್ಲ, ಬಾಯಿ ತಾನಾಗಿ ಶುರುವಾಯಿತು.

"ಯಾವ ಕಾಲೇಜು?"

"ಬಸ್ ಸ್ಟ್ಯಾಂಡ್ ಹಿಂದಿನದು."

"ಎಷ್ಟು ಸಾಲ?"

"ಎರಡು ವರ್ಷದಲ್ಲಿ ತೀರೋವಷ್ಟು."

ಮೂರನೆಯ ಪ್ರಶ್ನೆ ಸಂಬಳದ್ದು. ಮಾಮ ಅದನ್ನು ಬಿಟ್ಟು ಬೇರೆಯದನ್ನು ಕೇಳಿದ.

"ಅಂಗಡಿ?"

"ನಿಂದೇ ಅಪ್ಪ," ಎಂದಳು ಮಗಳು. ಹೆಂಡತಿ ಪತ್ರವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.