ಓಡಿಲೋ ಇಲ್ಲದ ಬಂದರು

ನಾನು ಚಿತ್ರ ಬರೆಯುವ ಕ್ರಮ ನೋಡಿದರೆ ಎವ್ರಾರ್‌ಗೆ ನಗು. ಎವ್ರಾರ್ ಅಂದರೆ ನನ್ನ ಚಿತ್ರಗಳನ್ನು ತನ್ನ ಗ್ಯಾಲರಿಯ ಗೋಡೆಗೆ ತೂಗುಹಾಕುವ ಪುಣ್ಯಾತ್ಮ. ಬೆಳಿಗ್ಗೆ ನಮ್ಮೂರಿನ ಮಾರೋಲ್ ಬಡಾವಣೆಯ ಹಳೇ ಸಾಮಾನಿನ ಸಂತೆಗೆ ಹೋಗಿ, ನೆಲಮಾಳಿಗೆಯ ವಾಸನೆ ಹೊಡೆಯುವ ಕಾಮಿಕ್ಸ್ ವಾರಪತ್ರಿಕೆಗಳ ಕಟ್ಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತೇನೆ. ಬಂದವಳು ಕುಂಚ ಮುಟ್ಟುವುದಿಲ್ಲ. ಸ್ಟುಡಿಯೋದ ನೆಲದ ಮೇಲೆ ಅಂಗಾತ ಮಲಗಿ, ಒಂದೊಂದೇ ಪುಟವನ್ನು ಮುಖದ ಮೇಲಕ್ಕೆ ಹಿಡಿದು, ಅರೆಗಣ್ಣು ಮಾಡಿ ನೋಡುತ್ತೇನೆ. ಕಥೆ ಓದುವುದಿಲ್ಲ. ಹಾಗೆ ನೋಡುತ್ತಾ ನೋಡುತ್ತಾ ಒಂದು ಹೊತ್ತಿಗೆ ಮನುಷ್ಯರು ಪುಟ ಬಿಟ್ಟು ಮೆಲ್ಲಗೆ ಹೊರಟುಹೋಗುತ್ತಾರೆ. ಅವರ ಮಾತು ತುಂಬಿದ ಬಿಳಿ ಗುಳ್ಳೆಗಳೂ ಹಿಂದೆಯೇ ಹೋಗುತ್ತವೆ. ಯಾರೋ ಈಗತಾನೇ ಎದ್ದುಹೋದ ಕುರ್ಚಿ, ಖಾಲಿ ಬೀದಿ, ಅರ್ಧ ತೆರೆದ ಕಿಟಕಿ, ಇಷ್ಟು ಉಳಿಯುತ್ತದೆ. ಯಾವ ಚೌಕದಲ್ಲಿ ಹಾಗಾಗುತ್ತದೋ ಅದನ್ನು ಎರಡು ಮೀಟರ್ ಅಗಲದ ಕ್ಯಾನ್ವಾಸಿಗೆ ಏರಿಸುತ್ತೇನೆ.

"ನಿದ್ದೆ ಹೊಡೆಯೋದಕ್ಕೆ ಏನೆಲ್ಲ ನೆಪ ಕಣೇ ರೆನಿಲ್ಡ್ ನಿನಗೆ!" ಅನ್ನುತ್ತಾನೆ ಎವ್ರಾರ್.

ಅನ್ನಲಿ. ನಿದ್ದೆ ಮತ್ತು ಎಚ್ಚರದ ನಡುವಿನ ಆ ಜಾಗದಲ್ಲೇ ನನ್ನ ಕೆಲಸ ನಡೆಯುವುದು. ಆಮೇಲಿನದ್ದು ಬರೀ ಕೂಲಿ. ಭೂತಗನ್ನಡಿ ಹಿಡಿದು ಬಣ್ಣದ ಚುಕ್ಕಿ ಎಣಿಸಬೇಕು. ಬಿಳಿ ಎಂದು ಕಾಣುವುದು ಬಿಳಿಯಲ್ಲ, ಅರವತ್ತು ವರ್ಷ ಮಾಸಿದ ಕಾಗದ. ಅದಕ್ಕೆ ತಕ್ಕ ಹಳದಿ ಬೆರೆಸಬೇಕು. ಅಚ್ಚು ಅಲುಗಿ ಕೆಂಪು ಗೆರೆ ದಾಟಿ ಆಚೆ ಬಿದ್ದಿದ್ದರೆ ಅದನ್ನೂ ಹಾಗೆಯೇ ಉಳಿಸಿಕೊಳ್ಳುತ್ತೇನೆ. ತಿದ್ದಿದರೆ ಆ ಲೋಕದ ಬಾಗಿಲು ಮುಚ್ಚಿಹೋದ ಹಾಗೆ ನನಗೆ.

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಚೌಕ. ಏಳು ವರ್ಷದವಳಿದ್ದಾಗ ನನಗೆ ಮಂಗನಬಾವು ಬಂದಿತ್ತು. ಕೆನ್ನೆಗೆ ಉಣ್ಣೆ ಬಟ್ಟೆ ಸುತ್ತಿ ಅಜ್ಜಿಯ ಮನೆಯಲ್ಲಿ ಮಲಗಿಸಿದ್ದರು. ಸೋದರಮಾವ ಚಿಕ್ಕವನಿದ್ದಾಗ ಕೂಡಿಟ್ಟಿದ್ದ ವಾರಪತ್ರಿಕೆಗಳ ಪೆಟ್ಟಿಗೆ ಮಂಚದ ಪಕ್ಕಕ್ಕೆ ಬಂತು. ಅದರಲ್ಲಿ ಐವತ್ತೆಂಟನೇ ಇಸವಿಯ ಒಂದು ಸಂಚಿಕೆ. ಅದರ ಕಥಾನಾಯಕ, ಪೈಲಟ್ ಓಡಿಲೋ, ಒಂದು ಬಂದರಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಮೇಲೆ ಆಕಾಶ. ನೀಲಿಯಲ್ಲ, ಕೆಂಪಲ್ಲ. ಅಂಚಿನಲ್ಲಿ ಗಾಢವಾಗಿ, ನಡುವೆ ತೆಳುವಾಗಿ, ಒಣಗಿದ ಗುಲಾಬಿಯೂ ಅಲ್ಲ ಕಂದೂ ಅಲ್ಲದ ಬಣ್ಣ. ಜ್ವರದಲ್ಲಿ ನಾನು ಆ ಆಕಾಶದೊಳಗೆ ಎಷ್ಟು ದಿನ ಇದ್ದೆನೋ. ಕೆನ್ನೆಯ ಊತ ಇಳಿಯಿತು, ಆಕಾಶ ಮಾತ್ರ ಇಳಿಯಲಿಲ್ಲ.

ಓಡಿಲೋನನ್ನು ಬರೆದವರು ವಾಲ್‌ರಾಂ. ನಮ್ಮ ಬೆಲ್ಜಿಯಂನಲ್ಲಿ ಆ ಹೆಸರು ಕೇಳಿದರೆ ಮುದುಕರೂ ಹುಡುಗರಾಗುತ್ತಾರೆ. ಜೂನ್‌ನ ಪ್ರದರ್ಶನಕ್ಕೆ ನಾನು ಇಟ್ಟ ಹೆಸರೂ 'ವಾಲ್‌ರಾಂ ಆಕಾಶಗಳು' ಎಂದೇ. ಬಂದರಿನ ಚಿತ್ರವನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಆ ಬಣ್ಣ ಕೂಡಿಸುವುದಕ್ಕೆ ಮೂರು ತಿಂಗಳು ಹಿಡಿಯಿತು. ಗ್ಯಾಲರಿಯ ಪುಸ್ತಿಕೆಗೆ ಬರೆದೂ ಕೊಟ್ಟೆ: 'ಯುರೋಪಿನ ಇಡೀ ವಿಷಾದವನ್ನು ಒಂದು ಆಕಾಶಕ್ಕೆ ಇಳಿಸಿದ ಕೈ.' ಈಗ ಓದಿದರೆ ಮೈ ಉರಿಯುತ್ತದೆ.

ಮೇ ತಿಂಗಳಲ್ಲಿ ಒಂದು ಶನಿವಾರ ನಮ್ಮ ಕೇರಿಯ ಕಲಾವಿದರೆಲ್ಲ ಸ್ಟುಡಿಯೋ ಬಾಗಿಲು ತೆರೆದಿಡುತ್ತೇವೆ. ಯಾರು ಬೇಕಾದರೂ ಒಳಗೆ ಬಂದು ನೋಡಬಹುದು. ಬರುವವರಲ್ಲಿ ಅರ್ಧ ಜನ ಬರುವುದು ಚಿತ್ರಕ್ಕಲ್ಲ, ಟಾಯ್ಲೆಟ್‌ಗೆ. ಒಬ್ಬ ಮುದುಕಿಯೂ ಹಾಗೆಯೇ ಬಂದರು. ಕೈಯಲ್ಲಿ ಕೋಲು, ಕತ್ತಿಗೆ ಹಸಿರು ಸ್ಕಾರ್ಫ್, ವಯಸ್ಸು ಎಂಬತ್ತೈದರ ಮೇಲೆ.

"ಟಾಯ್ಲೆಟ್ ಎಲ್ಲಮ್ಮ?"

ತೋರಿಸಿದೆ. ಹೊರಗೆ ಬಂದವರು ಮರ್ಯಾದೆಗೆಂದು ಗೋಡೆಯ ಕಡೆ ಒಂದು ಸುತ್ತು ಕಣ್ಣು ಹಾಯಿಸಿದರು. ಬಂದರಿನ ಚಿತ್ರದ ಮುಂದೆ ಕೋಲು ನಿಂತುಬಿಟ್ಟಿತು.

"ಓಡಿಲೋ ಎಲ್ಲಿ ಹೋದ?"

"ತೆಗೆದುಬಿಟ್ಟಿದ್ದೀನಿ ಮದಾಮ್. ನಾನು ಮನುಷ್ಯರನ್ನ ಬರೆಯಲ್ಲ."

"ಒಳ್ಳೇದೇ ಆಯ್ತು ಬಿಡು. ಮಹಾ ಜಂಭದವನು." ಇನ್ನೂ ಹತ್ತಿರ ಹೋದರು. ಮೂಗು ಕ್ಯಾನ್ವಾಸಿಗೆ ತಾಗುವಷ್ಟು. "ಈ ಬಣ್ಣ ಮಾಡೋಕೆ ಎಷ್ಟು ದಿನ ಹಿಡೀತು?"

"ಮೂರು ತಿಂಗಳು."

ಮುದುಕಿಗೆ ನಗು ಶುರುವಾಯಿತು. ನಿಲ್ಲಲೇ ಇಲ್ಲ. ಕುರ್ಚಿ ಎಳೆದು ಕೂರಿಸಬೇಕಾಯಿತು.

"ಅಯ್ಯೋ ಹುಡುಗಿ," ಅಂದರು ಕಣ್ಣೊರೆಸಿಕೊಳ್ಳುತ್ತಾ. ನನಗೆ ಐವತ್ತೇಳು. "ನನಗೆ ಒಂದು ಕ್ಷಣ ಸಾಕಾಗಿತ್ತು ಕಣೇ. ಅದು ಕಾಫಿ."

ಅವರ ಹೆಸರು ಹೂಬರ್ಟಿನ್. ಹತ್ತೊಂಬತ್ತನೇ ವಯಸ್ಸಿಗೆ ವಾಲ್‌ರಾಂ ಅವರ ಸ್ಟುಡಿಯೋದಲ್ಲಿ ಬಣ್ಣ ಹಾಕುವ ಕೆಲಸಕ್ಕೆ ಸೇರಿದವರು ಮೂವತ್ತೊಂದು ವರ್ಷ ಅಲ್ಲೇ ಇದ್ದರು. ಆಗಿನ ಕಾಲದಲ್ಲಿ ಯಜಮಾನರು ಶಾಯಿಯಲ್ಲಿ ಬರೆದ ಪುಟದ ಮೇಲೆ ಯಾರೂ ಬಣ್ಣ ಹಚ್ಚುತ್ತಿರಲಿಲ್ಲ. ಅದೇ ಪುಟವನ್ನು ದಪ್ಪ ಹಾಳೆಯ ಮೇಲೆ ತೆಳು ನೀಲಿ ಗೆರೆಯಲ್ಲಿ ಅಚ್ಚು ಹಾಕಿ ಬಣ್ಣದ ಹುಡುಗಿಯರಿಗೆ ಕೊಡುತ್ತಿದ್ದರು. ಅವರು ಆ ಹಾಳೆಗೆ ಬಣ್ಣ ತುಂಬುವುದು. ಮುದ್ರಣದವರು ಆ ಬಣ್ಣವನ್ನಷ್ಟೇ ಫೋಟೋ ತೆಗೆದು, ಮೇಲೆ ಯಜಮಾನರ ಕಪ್ಪು ಗೆರೆ ಕೂರಿಸುವುದು. ಗೆರೆಯ ಕೆಳಗೆ ವಾಲ್‌ರಾಂ ಸಹಿ ಇರುತ್ತಿತ್ತು. ಬಣ್ಣದ ಹುಡುಗಿಯರ ಹೆಸರು ಎಲ್ಲೂ ಇಲ್ಲ. ಇಷ್ಟೆಲ್ಲ ನನಗೂ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ 'ವಾಲ್‌ರಾಂ ಆಕಾಶಗಳು' ಎಂದು ಹೆಸರಿಟ್ಟಿದ್ದೆ, ನೋಡಿ.

"ಸಂಜೆ, ನೀಲಿ ಅಂತ ಯಜಮಾನ್ರು ಅಂಚಲ್ಲಿ ಬರೆದಿದ್ರು," ಅಂದರು ಹೂಬರ್ಟಿನ್. "ಇಡೀ ಬೆಳಿಗ್ಗೆ ಆ ಒಂದು ಆಕಾಶಕ್ಕೇ ಕೂತಿದ್ದೆ. ಮೂರು ಪದರ ನೀಲಿ. ಎಂಥಾ ನೀಲಿ ಬಂದಿತ್ತು ಗೊತ್ತಾ! ಪಕ್ಕದಲ್ಲೇ ಚಿಕೋರಿ ಕಾಫಿ ಇಟ್ಕೊಂಡಿದ್ದೆ. ಮೊಣಕೈ ತಾಗ್ತು, ಅಷ್ಟೇ. ಒತ್ತಿ ಒರೆಸಿದೆ, ನೀಲಿ ಕಿತ್ತುಕೊಂಡು ಬಂತು, ಕಾಫಿ ಉಳೀತು. ಪ್ರೆಸ್ಸಿನ ಹುಡುಗ ಬಾಗಿಲಲ್ಲಿ ನಿಂತು ಬಡ್ಕೋತಿದ್ದ. ಹಾಗೇ ಕೊಟ್ಟುಬಿಟ್ಟೆ."

"ವಾಲ್‌ರಾಂ ಏನಂದ್ರು?"

"ಮೊದಲು ಮನೆಗೆ ಕಳಿಸ್ತೀನಿ ಅಂದ್ರು. ಆಮೇಲೆ ಮಕ್ಕಳಿಂದ ಚೀಲಗಟ್ಟಲೆ ಕಾಗದ ಬಂತಲ್ಲ, ಆ ಆಕಾಶ ಎಷ್ಟು ಚೆನ್ನಾಗಿದೆ ಅಂತ. ರೇಡಿಯೋದವರು ಬಂದು ಕೇಳಿದ್ರೆ, ಆ ಬಣ್ಣಕ್ಕೋಸ್ಕರ ಮೂರು ವಾರ ಸಮುದ್ರದ ದಂಡೆಯಲ್ಲಿ ಅಲೆದೆ ಅಂದ್ರು ಮಹಾನುಭಾವ."

ನಾನೂ ನಕ್ಕೆ. ಒಳಗೆ ಮಾತ್ರ ಯಾರೋ ಕೊಡಪಾನ ತಣ್ಣೀರು ಸುರಿದ ಹಾಗಿತ್ತು. ಐವತ್ತು ವರ್ಷ ನಾನು ಬದುಕಿದ್ದು ಒಂದು ಲೋಟ ಕಾಫಿಯ ಕೆಳಗೆ. ಆದರೂ ಸಾವರಿಸಿಕೊಂಡು, ಪುಸ್ತಿಕೆ ತಿದ್ದಿಸುತ್ತೇನೆ, ಚಿತ್ರದ ಕೆಳಗೆ ನಿಮ್ಮ ಹೆಸರು ಹಾಕಿಸುತ್ತೇನೆ ಎಂದೆ.

"ಕಾಫಿ ಚೆಲ್ಲಿದ್ದಕ್ಕಾ? ಬೇಡವೇ ಬೇಡ." ಅವರ ನಗು ಹೋಗಿತ್ತು. ಕೋಲನ್ನು ಕುರ್ಚಿಗೆ ಒರಗಿಸಿಟ್ಟರು. "ಒಂದು ಕೇಳ್ತೀನಿ. ನಿಜ ಹೇಳ್ಬೇಕು. ಮೂವತ್ತೊಂದು ವರ್ಷದಲ್ಲಿ ಏನಿಲ್ಲ ಅಂದ್ರೂ ಸಾವಿರ ಆಕಾಶ ಹಾಕಿದ್ದೀನಿ. ಎಲ್ಲ ಉಸಿರು ಬಿಗಿಹಿಡಿದು ಹಾಕಿದ್ದು. ನೀನು ಎಲ್ಲ ಸಂಚಿಕೆ ನೋಡಿರೋಳು. ಈ ಕಾಫಿ ಬಿಟ್ಟು ನಂದು ಬೇರೆ ಒಂದು, ಒಂದೇ ಒಂದು, ನಿನ್ನ ತಲೇಲಿ ಉಳಿದಿದೆಯಾ?"

ಅವರು ಬಂದದ್ದು ಟಾಯ್ಲೆಟ್‌ಗೆ ಅಲ್ಲ ಎಂದು ಆಗ ಗೊತ್ತಾಯಿತು. ಬಾಗಿಲ ಮೇಲೆ ನಾನು ಅಂಟಿಸಿದ್ದ 'ವಾಲ್‌ರಾಂ ಆಕಾಶಗಳು' ಭಿತ್ತಿಪತ್ರ ನೋಡಿಕೊಂಡೇ ಒಳಗೆ ಬಂದಿದ್ದರು. ನಾನು ಯೋಚಿಸಿದೆ. ಕಣ್ಣು ಮುಚ್ಚಿ ಪುಟ ಪುಟ ತಿರುವಿದೆ. ಓಡಿಲೋನ ವಿಮಾನ ನೆನಪಾಯಿತು, ಹಿಮ ಬಿದ್ದ ಬೆಟ್ಟ ನೆನಪಾಯಿತು, ಅವುಗಳ ಮೇಲಿದ್ದ ಆಕಾಶ ಯಾವ ಬಣ್ಣದ್ದೋ ನೆನಪಾಗಲಿಲ್ಲ. ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಮದಾಮ್," ಅಂದೆ.

"ಹೂಂ. ಗೊತ್ತಿತ್ತು ಬಿಡು." ಸ್ಕಾರ್ಫ್ ಸರಿ ಮಾಡಿಕೊಂಡರು. ನನ್ನ ಅತಿಥಿಗಳ ಪುಸ್ತಕದಲ್ಲಿ ನಡುಗುವ ಕೈಯಿಂದ ಹೆಸರು, ವಿಳಾಸ ಬರೆದು, ಮೆಟ್ಟಿಲಿಳಿದು ಹೋದರು.

ಆಮೇಲೆ ಒಂದು ವಾರ ನಾನು ನೆಲ ಬಿಟ್ಟು ಏಳಲಿಲ್ಲ. ನನ್ನಲ್ಲಿದ್ದ ಅಷ್ಟೂ ಸಂಚಿಕೆಗಳನ್ನು ಸುತ್ತ ಹರಡಿಕೊಂಡು, ಈ ಸಲ ಆಕಾಶ ಮಾತ್ರ ನೋಡಿದೆ. ಎಷ್ಟು ಒಳ್ಳೆಯ ಆಕಾಶಗಳು! ಮಳೆಗೆ ಮುಂಚಿನದು, ಮಳೆ ನಿಂತ ಮೇಲಿನದು, ಬೇಸಿಗೆಯ ಮಧ್ಯಾಹ್ನದ್ದು. ನಿಜವಾದ ಆಕಾಶ ಹೇಗೋ ಹಾಗೇ ಇದ್ದವು. ಅದಕ್ಕೇ ಯಾರೂ ತಲೆಯೆತ್ತಿ ನೋಡಿರಲಿಲ್ಲ. ಹೂಬರ್ಟಿನ್ ಮೇಲಿನ ಮರುಕಕ್ಕಿಂತ ನನ್ನ ಮೇಲಿನ ನಾಚಿಕೆಯೇ ಹೆಚ್ಚಾಯಿತು. ಬಣ್ಣವೇ ನನ್ನ ಕಸುಬು ಎಂದುಕೊಂಡವಳಲ್ಲವೇ ನಾನು?

ಅದರ ಮುಂದಿನ ಮಂಗಳವಾರ ಬಂದರಿನ ಆ ಚೌಕವನ್ನು ಮೇಜಿನಷ್ಟು ದೊಡ್ಡದು ಮಾಡಿ, ದಪ್ಪ ಹಾಳೆಯ ಮೇಲೆ ತೆಳು ನೀಲಿ ಗೆರೆಯಲ್ಲಿ ಅಚ್ಚು ಹಾಕಿಸಿದೆ. ಸುರುಳಿ ಸುತ್ತಿಕೊಂಡು ಟ್ರಾಮ್ ಹತ್ತಿ ಸ್ಕಾರ್ಬೇಕ್‌ನ ಅವರ ಮನೆಗೆ ಹೋದೆ.

"ಇದೇನೇ ಇದು?"

"ಕಾಫಿ ಚೆಲ್ಲೋದಕ್ಕೆ ಮುಂಚೆ ಇತ್ತಲ್ಲ, ಆ ಆಕಾಶ. ಅದನ್ನ ಹಾಕಿಕೊಡಿ ಮದಾಮ್. ನಾನು ನೋಡ್ಬೇಕು."

ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡಿತು. ಅವರು ನೀಲಿ ಗೆರೆಗಳ ಮೇಲೆ ಅಂಗೈ ಆಡಿಸಿದರು. ಕುಂಚ ಎತ್ತಿಕೊಂಡರು. ಕುಂಚದ ತುದಿ ಗಡಗಡ ನಡುಗಿತು. ಎರಡು ಸಲ ನೋಡಿ, ಕೆಳಗಿಟ್ಟರು.

"ನೋಡಿದ್ಯಾ? ಈ ಕೈಯಲ್ಲಿ ಗೋಡೆಗೆ ಸುಣ್ಣ ಬಳಿಯೋದಕ್ಕೂ ಆಗಲ್ಲ."

"ನೀವು ಹೇಳಿ. ನಾನು ಹಚ್ತೀನಿ."

ಹಾಗೆ ಶುರುವಾಯಿತು. ಕಿಟಕಿಯಾಚೆ ಸೇಬಿನ ಗಿಡ ಹೂಬಿಟ್ಟಿತ್ತು, ಒಲೆಯ ಮೇಲೆ ಸೂಪ್ ಮೆಲ್ಲಗೆ ಕುದಿಯುತ್ತಿತ್ತು.

"ನೀರು ಜಾಸ್ತಿ ಹಾಕು. ಇನ್ನೂ. ಕಂಜೂಸಿ ಮಾಡ್ಬೇಡ. ಈಗ ಎಡಗಡೆಯಿಂದ ಎಳಿ, ಉಸಿರು ಬಿಡಬಾರದು... ಬಿಡಬಾರದು ಅಂದೆ! ಹಾಂ. ಈಗ ಬಿಡು. ಒಣಗಲಿ."

ಒಣಗುವ ತನಕ ಇಬ್ಬರೂ ಕಾದೆವು. ಎರಡನೇ ಪದರ. ಮತ್ತೆ ಕಾಯುವುದು. ಮೂರನೇ ಪದರಕ್ಕೆ ಒಂದು ಹನಿ ಹಸಿರು ಹಾಕಿಸಿದರು. ನಿಧಾನವಾಗಿ ಒಂದು ಸಂಜೆ ಮೇಲೆದ್ದು ಬಂತು. ಇನ್ನೇನು ದೀಪ ಹಚ್ಚಬೇಕು, ಆದರೂ ಬೇಡ, ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಅನ್ನಿಸುವ ನೀಲಿ. ನನ್ನ ಕೈ ತಾನಾಗಿ ನಡೆಯುತ್ತಿತ್ತು. ಆಕಾಶ ಮುಗಿಸಿ ಕೆಳಗಿಳಿದೆ. ಕಟ್ಟೆ, ನೀರು, ಕಟ್ಟಿದ ದೋಣಿ. ನಾನು ಎಚ್ಚರವಾಗಿದ್ದೆನೋ ಇಲ್ಲವೋ.

"ನಿಲ್ಲು," ಅಂದರು ಹೂಬರ್ಟಿನ್.

ನಿಲ್ಲಿಸಿದೆ. ಅವರು ದೋಣಿಯ ಕೆಳಗೆ ನಾನು ಹಾಕಿದ್ದ ನೆರಳನ್ನೇ ನೋಡುತ್ತಿದ್ದರು.

"ನೆರಳಿನ ವಿಷಯ ನಾನಿನ್ನೂ ಹೇಳೇ ಇಲ್ಲ. ನೇರಳೆ ಬಣ್ಣ ಯಾಕೆ ಹಾಕಿದೆ?"

ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. "ನೆರಳು ಇರೋದೇ ಹಾಗಲ್ವಾ ಮದಾಮ್?"

ನೋಡಿದರೆ ಅವರ ಕಣ್ಣು ತುಂಬಿತ್ತು.

"ನೆರಳಿಗೆಲ್ಲ ಬೂದು ಅಂತ ಬರೆದುಕೊಡ್ತಿದ್ರು ಯಜಮಾನ್ರು," ಅಂದರು. "ಇಡೀ ದೇಶದಲ್ಲಿ ಎಲ್ಲರೂ ಬೂದು ಬಣ್ಣವೇ ಹಾಕ್ತಿದ್ದದ್ದು. ನನಗೆ ಮನಸ್ಸು ಬರ್ತಿರಲಿಲ್ಲ. ಕದ್ದು ನೇರಳೆ ಹಾಕ್ತಿದ್ದೆ. ಮೂವತ್ತೊಂದು ವರ್ಷ. ಯಾರೂ ನೋಡ್ಲಿಲ್ಲ ಅಂತ..."

ನಾನು ಕುಂಚ ಹಿಡಿದುಕೊಂಡೇ ಅಡುಗೆಮನೆಯ ಸುತ್ತ ಕಣ್ಣಾಡಿಸಿದೆ. ಕುರ್ಚಿಯ ಕೆಳಗೆ, ಬ್ರೆಡ್ಡಿನ ಪಕ್ಕ, ಮೇಜಿನ ಮೇಲಿದ್ದ ಅವರ ಕೈಯ ಕೆಳಗೆ, ಎಲ್ಲಾ ಕಡೆ ನೆರಳು ನೇರಳೆಯಾಗಿಯೇ ಇತ್ತು. ಏಳನೇ ವಯಸ್ಸಿನಿಂದ ಇವತ್ತಿನವರೆಗೆ ನಾನು ಅದನ್ನು ಬೇರೆ ಬಣ್ಣದಲ್ಲಿ ನೋಡಿದ್ದೇ ಇಲ್ಲ.