ಆಗ್ನೆಸಳ ಓಕ್ ಮರ

ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಕಾತ್ಯಾಯಿನಿ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಅವಳ ಗಂಡ ಹರಿಪ್ರಸಾದ ಮೈಸೂರಿಗೆ ಫೋನು ಮಾಡಿ, ದೊಡ್ಡವರು ಹೇಳಿದ ಹಾಗೆ ಎಲ್ಲ ಮುಗಿಸಿಬಿಟ್ಟ. ಹೆತ್ತವಳು ನೋಡಬಾರದಂತೆ, ಹೆಸರಿಡಬಾರದಂತೆ, ಶ್ರಾದ್ಧವಂತೂ ಇಲ್ಲವೇ ಇಲ್ಲವಂತೆ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಹೊತ್ತು ಹೆತ್ತವಳು ಮಾಡಿದ್ದಂತೂ ಅಲ್ಲ. ಆಸ್ಪತ್ರೆಯವರು ಕೊಟ್ಟ ಪುಟ್ಟ ಡಬ್ಬಿಯ ಬೂದಿಯನ್ನು ಸಮುದ್ರದಲ್ಲಿ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಬಂದು, "ಎಲ್ಲಾ ಆಯ್ತು" ಅಂದ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಭೂಗೋಳದ ದಕ್ಷಿಣದ ತುದಿಯ ಪೊರಿರುವಾ ಊರಿನಲ್ಲಿ ಅವರ ಮನೆಯಿದ್ದ ಬೀದಿಯ ಕೊನೆಗೆ ಒಂದು ಓಕ್ ಮರ. ಅದನ್ನು ಉಳಿಸುವುದಕ್ಕೆಂದೇ ರಸ್ತೆಯನ್ನು ಬಳಸಿ ಹಾಕಿದ್ದರು. ಹಡಗಿನಲ್ಲಿ ಬಂದಿಳಿದ ಆಗ್ನೆಸ್ ಎಂಬಾಕೆ ನೂರೈವತ್ತು ವರ್ಷದ ಹಿಂದೆ ತನ್ನ ಎರಡು ಕೂಸುಗಳನ್ನು ಮಣ್ಣು ಮಾಡಿ, ಆ ಜಾಗದಲ್ಲಿ ನೆಟ್ಟ ಮರವೆಂದು ಫಲಕದಲ್ಲಿ ಬರೆದಿತ್ತು. ಕಾತ್ಯಾಯಿನಿ ಅದನ್ನು ಓದಿ ಅಲ್ಲೇ ಬೇರಿನ ಮೇಲೆ ಕುಸಿದು ಕೂತಳು. ಆಗ್ನೆಸಳ ಮರಿಮಗಳ ಮಗಳು ಬೆರಿಲ್, ಎದುರು ಮನೆಯ ಮುದುಕಿ, ತರಗೆಲೆ ಗುಡಿಸುತ್ತಿದ್ದವಳು ಪೊರಕೆ ಇಟ್ಟು ಪಕ್ಕಕ್ಕೆ ಬಂದಳು. ಎಲ್ಲ ಕೇಳಿಸಿಕೊಂಡು, "ನಿನ್ನದೂ ಇಲ್ಲೇ ಇರಲಿ. ಆಗ್ನೆಸ್ ಬೇಡ ಅನ್ನುವವಳಲ್ಲ" ಅಂದಳು.

ಅಷ್ಟೇ ಮಾತು. ಕಾತ್ಯಾಯಿನಿಗೆ ಅಷ್ಟು ದಿನ ಬಾರದ ಅಳು ಬಂತು. ಅಂದಿನಿಂದ ಸಂಜೆ ಆಫೀಸು ಮುಗಿದರೆ ಸಾಕು, ಅವಳ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಮಗಳೊಡನೆ ಮಾತಾಡಲು ಈ ಭೂಮಿಯ ಮೇಲೆ ಅವಳಿಗಿದ್ದದ್ದು ಅದೊಂದೇ ಜಾಗ. ಬೂದಿ ಅಲ್ಲಿಲ್ಲವೆಂದು ಅವಳಿಗೂ ಗೊತ್ತು. ಗೊತ್ತಿದ್ದರೇನಂತೆ, ಕೂತಷ್ಟು ಹೊತ್ತು ಎದೆ ಹಗುರವಾಗುತ್ತಿತ್ತು.

ಕಾರ್ತಿಕ ಬಂತು. ಇಲ್ಲಿ ಅದು ವಸಂತ. ಓಕ್ ಚಿಗುರಿ ನಿಂತಿತ್ತು. ಅಮ್ಮ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಕಾರ್ತಿಕದಲ್ಲಿ ಮರದ ಬುಡಕ್ಕೊಂದು ದೀಪ ಇಟ್ರೆ ಯಾರೂ ಬೇಡ ಅನ್ನಲ್ಲ ಕಣೇ. ನಿಮ್ಮತ್ತೆಗೆ ಹೇಳ್ಬೇಡ. ಆರದ ಹಾಗೆ ನೋಡ್ಕೋ."

ಆರದ ಹಾಗೆ! ಆ ಅಮ್ಮನಿಗೆ ಪೊರಿರುವಾದ ಗಾಳಿಯ ಬಗ್ಗೆ ಏನು ಗೊತ್ತು? ಒಣಗಲು ಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುವ ಊರಿದು. ಹಣತೆ ಹಚ್ಚಿದಳು, ಆರಿತು. ಸೆರಗು ಮರೆ ಮಾಡಿ ಹಚ್ಚಿದಳು, ಮತ್ತೆ ಆರಿತು. ಕೊನೆಗೆ ಬುಡದಲ್ಲಿದ್ದ ಪೊಟರೆಯೊಳಗೆ ಕೈಯಿಟ್ಟು ನೋಡಿದಳು. ಗಾಳಿ ಸುಳಿಯುತ್ತಿರಲಿಲ್ಲ. ಹಣತೆಯನ್ನು ಒಳಗಿಟ್ಟಳು. ಜ್ಯೋತಿ ನೆಟ್ಟಗೆ ನಿಂತಿತು. ಕೈಮುಗಿದು ಮನೆಗೆ ಬಂದು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿ ಮಲಗಿದಳು.

ಬೆಳಿಗ್ಗೆ ಬೀದಿ ತುಂಬ ಹೊಗೆ. ಪೊಟರೆಯ ಒಣ ಕಟ್ಟಿಗೆಗೆ ಕಿಡಿ ಹತ್ತಿ, ಮರ ಒಳಗೊಳಗೇ ಬೆಂದುಹೋಗಿತ್ತು. ಹೊರಗೆ ಚಿಗುರು ಹಾಗೇ ಇತ್ತು. ರಸ್ತೆಗೆ ಬಿದ್ದರೆ ಅಪಾಯ, ಇನ್ನು ಉಳಿಸುವಂತಿಲ್ಲವೆಂದರು ಕೌನ್ಸಿಲಿನವರು. ಇಲ್ಲಿಯವರು ವರ್ಷಕ್ಕೊಮ್ಮೆ ಪಟಾಕಿ ಹಚ್ಚುವ ಗೈ ಫಾಕ್ಸ್ ಹಬ್ಬದ ವಾರ ಬೇರೆ. ಯಾರೋ ಪೋಲಿಗಳು ರಾಕೆಟ್ ಬಿಟ್ಟಿರಬೇಕು ಎಂದು ಬೀದಿಯವರೆಲ್ಲ ಶಪಿಸಿದರು. ಗರಗಸ ಒರಲುತ್ತಿದ್ದಾಗ ಕಾತ್ಯಾಯಿನಿ ಗುಂಪಿನ ಹಿಂದೆ ನಿಂತಿದ್ದಳು.

ಮಾರನೆಯ ದಿನ ಬೆರಿಲ್ ಬಾಗಿಲು ತಟ್ಟಿದಳು. ತೋಳಲ್ಲಿ, ಬೆಂಕಿ ತಾಗದ ಕೊಂಬೆಯಿಂದ ಕುಯ್ಯಿಸಿದ ಒಂದು ತುಂಡು.

"ಇದು ನಿನಗೆ. ನನ್ನ ಬಿಟ್ಟರೆ ಆ ಮರವನ್ನು ಹಚ್ಚಿಕೊಂಡಿದ್ದವಳು ನೀನೊಬ್ಬಳೇ."

ಸುಮ್ಮನೆ ಇಸಿದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಕೈ ಮುಂದಕ್ಕೆ ಹೋಗಲಿಲ್ಲ.

"ಪಟಾಕಿ ಅಲ್ಲ, ಬೆರಿಲ್. ಪೊಟರೆಯಲ್ಲಿ ದೀಪ ಇಟ್ಟವಳು ನಾನು. ಮಗುವಿಗೆ ಅಂತ."

ಮುದುಕಿ ಚಾಚಿದ್ದ ತುಂಡನ್ನು ಹಿಂದಕ್ಕೆಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ನಿನಗೆ ಕೊಡಲಾರೆ" ಎಂದು, ತುಂಡನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದಳು.

ಸಂಜೆ ಹರಿಪ್ರಸಾದ ಬಂದಾಗ ಕಾತ್ಯಾಯಿನಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು.

"ರೀ, ಅವಳನ್ನ ಎಲ್ಲಿ ಬಿಟ್ರಿ? ಅಲ್ಲಿಗೆ ಕರ್ಕೊಂಡು ಹೋಗಿ. ಇನ್ಮೇಲೆ ಅಲ್ಲೇ ಹೋಗಿ ಕೂತ್ಕೋತೀನಿ."

ಅವನು ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಗೊತ್ತಿಲ್ಲ ಕಾತ್ಯಾ. ಯಾವುದೋ ಬೀಚು. ಜಿಪಿಎಸ್ ಕೂಡ ಹಾಕಿರ್ಲಿಲ್ಲ, ಸುಮ್ನೆ ಓಡಿಸ್ಕೊಂಡು ಹೋದೆ. ಆಮೇಲೆ ಎಷ್ಟೋ ಸಲ ಹುಡ್ಕಿದೀನಿ. ಸಿಕ್ಕಿಲ್ಲ."